ಜಿಲ್ಲಾ ಕೇಂದ್ರಸ್ಥಾನಕ್ಕೆ ಒಂದು ಟಿಕೆಟ್

ಹೋದ ಶನಿವಾರ ಸಿರುಗುಪ್ಪದಿಂದ ವಾಪಸು ಬರುವಾಗ ಬಸ್ಸಿನಲ್ಲಿ ಹಳೆಯ ಕಂಡಕ್ಟರ್ ಇದ್ದ. ಹೆಂಗಸರ ಟಿಕೆಟ್ಟಿಗೆ ಈಗ ದುಡ್ಡಿಲ್ಲದಿದ್ದರೂ ಎಲ್ಲಿಗೆ ಎಂದು ಕೇಳುವುದು ತಪ್ಪುವುದಿಲ್ಲ. ಆತ ಮಷಿನ್ನಿನ ಗುಂಡಿ ಒತ್ತುತ್ತಾ, ಮುಖ ಎತ್ತದೆ, "ಜಿಲ್ಲಾ ಕೇಂದ್ರಸ್ಥಾನಕ್ಕಲ್ರಿ, ಟೀಚರ?" ಎಂದ. ಹೌದೆಂದು ನಕ್ಕೆ. ಆತನೂ ನಕ್ಕು, "ಸರ್ ಹೆಂಗದಾರ್ರಿ? ರಿಟೈರ್ ಆದಮ್ಯಾಲ ಈ ಕಡಿ ಕಾಣವಲ್ರು" ಎಂದು ಕೇಳಿದ. "ಹೋಗಿಬಿಟ್ರಪ್ಪಾ. ಇಪ್ಪತ್ತು ದಿನ ಆತು" ಎಂದೆ. ಆತ ನನ್ನ ಟಿಕೆಟ್ಟನ್ನು ಹಿಡಿದುಕೊಂಡೇ ಸ್ವಲ್ಪ ಹೊತ್ತು ನಿಂತ. ಹಿಂದಿನಿಂದ ಯಾರೋ ಕರೆದ ಮೇಲೆ ಟಿಕೆಟ್ ಕೊಟ್ಟು ಆ ಕಡೆ ಹೋದ.

ಬಳ್ಳಾರಿಯನ್ನು ಬಳ್ಳಾರಿ ಎನ್ನದೆ ಜಿಲ್ಲಾ ಕೇಂದ್ರಸ್ಥಾನ ಎನ್ನುತ್ತಿದ್ದ ಆ ಮನುಷ್ಯ ನಮ್ಮ ಶಾಲೆಯ ಸಮಾಜ ವಿಜ್ಞಾನದ ಮಾಸ್ತರರು. ನಾನು ಗಣಿತದವಳು. ಒಂಬತ್ತು ವರ್ಷ ಒಂದೇ ಬಸ್ಸಿನಲ್ಲಿ ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಹೋಗಿ ಬಂದವರು ನಾವು. ಅವರ ಹೆಸರು ಹೇಳುವುದಿಲ್ಲ. ಹೇಳಿದರೆ ಅವರೇ ಎಲ್ಲಿಂದಲೋ "ನಾಮಧೇಯದ ಪ್ರಕಟಣೆ ಅನಗತ್ಯ" ಎಂದು ಗದರಿಯಾರು.

ನಾನು ಆ ಶಾಲೆಗೆ ವರ್ಗವಾಗಿ ಬಂದ ಮೊದಲ ದಿನ ಸ್ಟಾಫ್ ರೂಮಿನಲ್ಲಿ ಎದ್ದು ನಿಂತವರು ಅವರೊಬ್ಬರೇ. ಗಿಡ್ಡ ಆಳು, ತೋಳು ಮಡಚದ ಬಿಳಿ ಅಂಗಿ, ಜೇಬಿನಲ್ಲಿ ಮೂರು ಪೆನ್ನು. ಕೈ ಮುಗಿದು, "ದಯಮಾಡಿಸ್ರಿ, ಗಣಿತಾಚಾರ್ಯರ. ಈ ಕಾಷ್ಠಪೀಠವನ್ನ ಅಲಂಕರಿಸ್ರಿ" ಎಂದರು. ತೋರಿಸಿದ್ದು ಒಂದು ಕಾಲು ಮೋಟಾದ ಬೆಂಚನ್ನು. ಕುಳಿತೆ, ಅದು ಒಂದು ಕಡೆ ವಾಲಿತು. ಎಲ್ಲರೂ ಕಿಸಕ್ಕೆಂದರು. ಚಹಾ ಬಂತು, ಜೊತೆಗೆ ಬಿಸ್ಕತ್ತು. "ಈ ಶುಷ್ಕ ಗೋಧೂಮ ಚಕ್ರಿಕೆಯನ್ನೂ ಸ್ವೀಕರಿಸ್ರಿ. ಚಹಾದಾಗ ಹೆಚ್ಚೊತ್ತು ಅದ್ದಿದ್ರ ಜಲಸಮಾಧಿ ಆಕ್ಕೈತಿ, ಹುಷಾರು." ಈ ಮನುಷ್ಯ ನನ್ನನ್ನು ಆಡಿಕೊಳ್ಳುತ್ತಿದ್ದಾನೆ ಎಂದು ಆ ದಿನ ನನಗೆ ಸಿಟ್ಟು ಬಂದಿತ್ತು.

ವಾರದೊಳಗೆ ಗೊತ್ತಾಯಿತು, ಅವರು ಇರುವುದೇ ಹಾಗೆ. ಬೋರ್ಡು ಕೃಷ್ಣಫಲಕ, ಬೆಲ್ಲು ಘಂಟಾನಾದ, ಬಾಳೆಹಣ್ಣು ಕದಳೀಫಲ. ಛತ್ರಿಗೂ ಬಿಡುಗಡೆ ಇರಲಿಲ್ಲ, ಅದು ಆತಪತ್ರ. ಏಪ್ರಿಲ್ ತಿಂಗಳಲ್ಲಿ ನಾವೆಲ್ಲ ಬಿಸಿಲಿಗೆ ಬೈಯುತ್ತಾ ಬಸ್ ಸ್ಟ್ಯಾಂಡಿಗೆ ನಡೆದರೆ ಅವರು ಆ ಆತಪತ್ರ ಬಿಚ್ಚಿ, "ಮಾರ್ತಾಂಡನ ಪ್ರತಾಪ ಇವತ್ತ ಅತೀವ ಐತಿ" ಎನ್ನುತ್ತಿದ್ದರು. ಹೋಟೆಲ್ಲಿನಲ್ಲಿ ಒಗ್ಗಾಣಿಯ ಜೊತೆ ಬಜ್ಜಿ ಬೇಕಾದರೆ "ಆ ಕವಚಧಾರಿ ಮೆಣಸಿನಕಾಯಿ ಎರಡು ಕೊಡಪಾ" ಎನ್ನುತ್ತಿದ್ದರು. ಮಾಲೀಕನಿಗೆ ಅರ್ಥವಾಗುತ್ತಿತ್ತು. ತಿಂಗಳು ಕಳೆಯುವುದರೊಳಗೆ ಆತನೇ ಒಳಗೆ ಕೂಗಿ, "ನಾಕನೇ ಟೇಬಲ್ಲಿಗೆ ಎರಡು ಕವಚ!" ಎನ್ನತೊಡಗಿದ್ದ.

ಬಸ್ಸನ್ನು ಅವರು ಚತುಶ್ಚಕ್ರ ಶಕಟ ಎನ್ನುತ್ತಿದ್ದರು. ಲೆಕ್ಕದವಳಾದ ನನಗೆ ಇದನ್ನು ಸಹಿಸಲಾಗಲಿಲ್ಲ. "ಹಿಂದ ಜೋಡಿ ಗಾಲಿ ಇರ್ತಾವ್ರಿ ಸರ್. ಒಟ್ಟು ಆರು" ಎಂದೆ. ಅವರು ಕೆಳಗಿಳಿದು, ಬಗ್ಗಿ, ಒಂದೊಂದೇ ಗಾಲಿ ಮುಟ್ಟಿ ಎಣಿಸಿ ಬಂದು, "ಸತ್ಯ. ಇಂದಿನಿಂದ ಇದು ಷಟ್ಚಕ್ರ ಶಕಟ. ತಿದ್ದುಪಡಿ ಅಂಗೀಕರಿಸಲಾಗೈತಿ" ಎಂದು ಘೋಷಿಸಿದರು. ಆಮೇಲೆ ಒಂದು ದಿನವೂ ಚತುಶ್ಚಕ್ರ ಎನ್ನಲಿಲ್ಲ. ತಪ್ಪು ತೋರಿಸಿದರೆ ಅಷ್ಟು ಖುಷಿಯಾಗಿ ಒಪ್ಪಿಕೊಂಡ ಇನ್ನೊಬ್ಬ ಗಂಡಸನ್ನು ನಾನು ನೋಡಿಲ್ಲ.

ಪಾಠದಲ್ಲೂ ಇದೇ ವೈಭವ. ಬ್ರಿಟಿಷರು ಅವರ ತರಗತಿಯಲ್ಲಿ ಆಂಗ್ಲರು. ಬಂಗಾಳ ವಂಗದೇಶ, ಬಾದಾಮಿ ವಾತಾಪಿ, ಬಿಹಾರ ಯಾವತ್ತಿದ್ದರೂ ಮಗಧ. ಪೂರ್ವಸಿದ್ಧತಾ ಪರೀಕ್ಷೆಯ ಉತ್ತರಪತ್ರಿಕೆಗಳನ್ನು ಒಮ್ಮೆ ಬೇರೆ ಶಾಲೆಯವರಿಗೆ ತಿದ್ದಲು ಕೊಟ್ಟಿದ್ದೆವು. ಅಲ್ಲಿಯ ಮಾಸ್ತರರೊಬ್ಬರು ಫೋನು ಮಾಡಿ, "ಏನ್ರೀ ನಿಮ್ಮ ಸಾಲಿ ಹುಡುಗ್ರು! ಆಂಗ್ಲರು ವಂಗದೇಶವನ್ನು ವಿಭಜಿಸಿದರು ಅಂತ ಬರ್ದಾವ. ಇವಕ್ಕ ಮಾರ್ಕ್ಸ್ ಹಾಕಬೇಕೋ, ಶಾಲು ಹೊದಿಸಬೇಕೋ?" ಎಂದು ಕೇಳಿದರು. ನಮ್ಮ ಕನ್ನಡದ ಮಾಸ್ತರರಿಗೆ ಮಾತ್ರ ಇದರಿಂದ ಹೊಟ್ಟೆಯುರಿ. ದೊಡ್ಡ ಮಾತು ಆಡುವ ಹಕ್ಕು ತಮ್ಮ ವಿಷಯದ್ದು ಎಂದು ಅವರ ತಕರಾರು.

ನನಗೆ ಒಂದು ಚಾಳಿ ಇದೆ, ಇಲ್ಲಿ ಹೇಳಿಬಿಡಬೇಕು. ಎದುರಿನವರು ಮಾತು ಮುಗಿಸುವವರೆಗೆ ನನಗೆ ತಡೆಯುವುದಿಲ್ಲ. ಅವರು ಅರ್ಧ ಹೇಳುವುದರಲ್ಲಿ ಉಳಿದರ್ಧ ನಾನೇ ಹೇಳಿಬಿಡುತ್ತೇನೆ. ನನ್ನ ಗಂಡ ಈ ಕಾರಣಕ್ಕೆ ಮನೆಯಲ್ಲಿ ಮಾತನಾಡುವುದನ್ನೇ ಕಡಿಮೆ ಮಾಡಿದ್ದಾರೆ. ತರಗತಿಯಲ್ಲಿ ಮಕ್ಕಳು ಲೆಕ್ಕದ ಮೂರನೇ ಸಾಲಿನಲ್ಲಿ ತಡವರಿಸಿದರೆ ಐದನೇ ಸಾಲಿಗೆ ನಾನೇ ಹೋಗಿ ನಿಂತಿರುತ್ತೇನೆ. ಇದನ್ನು ನಾನು ಚುರುಕುತನ ಎಂದುಕೊಂಡಿದ್ದೆ.

ನಮ್ಮ ಸಮಾಜ ವಿಜ್ಞಾನದ ಮಾಸ್ತರರದು ತದ್ವಿರುದ್ಧ. ನಮ್ಮ ತರಗತಿಗಳ ನಡುವೆ ಒಂದೇ ಗೋಡೆ. ಒಂದು ದಿನ ಪಕ್ಕದ ಕೋಣೆಯಿಂದ ಸದ್ದೇ ಇಲ್ಲ. ಇಣುಕಿದೆ. ದೇಶನೂರಿನಿಂದ ಬರುತ್ತಿದ್ದ ಒಂದು ಹುಡುಗಿ ಎದ್ದು ನಿಂತಿದ್ದಳು. ಏನೋ ಪ್ರಶ್ನೆ ಕೇಳಿದ್ದರು, ಉತ್ತರ ಅವಳಿಗೆ ಹೊರಡುತ್ತಿಲ್ಲ. ಹಿಂದಿನ ಸಾಲಿನವರು ಪಿಸುಗುಟ್ಟಲು ಹೋದರೆ ಇವರು ಕೈ ಎತ್ತಿ, "ತಡೀರಿ. ಅಕಿ ಮಾತು ದಾರ್ಯಾಗೈತಿ" ಎಂದರು. ಎರಡು ನಿಮಿಷವಾದರೂ ಆಗಿರಬೇಕು. ನನಗೆ ಹೊರಗೆ ನಿಂತೇ ಮೈ ಪರಚಿಕೊಳ್ಳುವಂತಾಯಿತು. ಕೊನೆಗೆ ಹುಡುಗಿ ಉತ್ತರ ಹೇಳಿದಳು, ಅದೂ ಅರ್ಧ ತಪ್ಪು. "ಮುಟ್ಟಿತು ನೋಡ್ರಿ!" ಎಂದು ಇವರು ಚಪ್ಪಾಳೆ ತಟ್ಟಿದರು. ಸಿಲಬಸ್ ಮುಗಿಯದಿರುವುದಕ್ಕೆ ಕಾರಣ ಇಲ್ಲಿದೆ ಎಂದುಕೊಂಡು ನಾನು ನನ್ನ ತರಗತಿಗೆ ಹೋದೆ.

ಅವರಿಗೆ ಇಲ್ಲ ಎನ್ನಲು ಬರುವುದಿಲ್ಲ ಎಂಬುದು ಶಾಲೆಗೆಲ್ಲ ಗೊತ್ತಿದ್ದ ವಿಷಯ. ಚುನಾವಣೆಯ ಕೆಲಸ, ಗಣತಿಯ ಕೆಲಸ, ಬಿಸಿಯೂಟದ ಉಸ್ತುವಾರಿ, ಎಲ್ಲಾ ಅವರ ತಲೆಗೆ. ಒಮ್ಮೆ ದೇಶನೂರಿನಲ್ಲಿ ಅದೇ ಹುಡುಗಿಯ ಮನೆಯಲ್ಲಿ ನಮಗೆಲ್ಲ ಊಟವಿತ್ತು. ಹೋಳಿಗೆ ಬಡಿಸುವ ಹೆಂಗಸು ಬಂದಾಗ ನಾವು "ಬ್ಯಾಡ್ರಿ, ಬ್ಯಾಡ್ರಿ" ಎಂದು ಎಲೆಗೆ ಕೈ ಅಡ್ಡ ಹಿಡಿದು ಪಾರಾದೆವು. ಇವರು, "ತಾಯಿ, ಈ ಮಧುರ ಭಕ್ಷ್ಯವನ್ನ" ಎನ್ನಲು ಹೋಗಿ ಕೊನೆಯ ಮಾತಿನಲ್ಲೇ ನಿಂತು, ಕೆಮ್ಮಿ, "ಈ ಮಧುರ ಖಾದ್ಯವನ್ನ ನಾನು ಸವಿನಯವಾಗಿ ನಿರಾಕ—" ಎನ್ನುವಷ್ಟರಲ್ಲಿ ಎಲೆಗೆ ಎರಡು ಹೋಳಿಗೆ ಬಿದ್ದು, ಮೇಲೆ ತುಪ್ಪವೂ ಹರಿದಿತ್ತು. ಒಟ್ಟು ಏಳು ತಿಂದರು. ವಾಪಸು ಬರುವಾಗ ಹೊಟ್ಟೆ ಹಿಡಿದುಕೊಂಡು ಕೂತಿದ್ದವರನ್ನು ನೋಡಿ ನಾವು ಸಿರುಗುಪ್ಪದವರೆಗೂ ನಕ್ಕೆವು. ಆ ಕೆಮ್ಮನ್ನು ನಾನು ಕೇಳಿದ್ದೆ. ಅದರ ಅರ್ಥ ಮಾತ್ರ ಹೊಳೆದಿರಲಿಲ್ಲ.

ಅವರ ಹೆಂಡತಿಯ ಹೆಸರು ಬಸಮ್ಮ, ಕುರುಗೋಡಿನವರು. ನಾನು ಬಸಮ್ಮಕ್ಕ ಎನ್ನುತ್ತಿದ್ದೆ. ಇವರು ಮಾತ್ರ ನಮ್ಮೆದುರು "ಗೃಹಖಾತೆ ಸಚಿವರು" ಎಂದೋ, ಅವರನ್ನೇ ಕರೆಯಬೇಕಾದರೆ "ಕೇಳ್ತೇನು?" ಎಂದೋ ಮುಗಿಸುತ್ತಿದ್ದರು. ಒಂದು ಭಾನುವಾರ ಬಳ್ಳಾರಿಯ ಅವರ ಮನೆಗೆ ಹೋದಾಗ ಬಸಮ್ಮಕ್ಕನ ತಂಗಿ ಬಂದಿದ್ದಳು. ಭಾರೀ ಮಾತಿನ ಹೆಂಗಸು. ಅವಳೇ ಮದುವೆಯ ಕಥೆ ಹೇಳಿದಳು.

ನಮ್ಮ ಕಡೆ ಮದುವೆಯಲ್ಲಿ ಹೆಸರು ಹೇಳಿಸುವ ಪದ್ಧತಿ ಇದೆ. ಮದುಮಕ್ಕಳು ಹೊಸ್ತಿಲಿಗೆ ಬಂದಾಗ ಹೆಂಗಸರು ಬಾಗಿಲಿಗೆ ಅಡ್ಡ ನಿಲ್ಲುತ್ತಾರೆ. ಗಂಡ ಹೆಂಡತಿಯ ಹೆಸರನ್ನೂ, ಹೆಂಡತಿ ಗಂಡನ ಹೆಸರನ್ನೂ ಒಂದು ಒಡಪಿನಲ್ಲಿ, ಎಂದರೆ ಎರಡು ಸಾಲಿನ ಪದ್ಯದಲ್ಲಿ, ಸೇರಿಸಿ ಹೇಳಿದರೆ ಮಾತ್ರ ಒಳಗೆ ಬಿಡುವುದು. ಕುರುಗೋಡಿನ ಮನೆಯ ಬಾಗಿಲಲ್ಲಿ ಈ ಮದುಮಗನನ್ನೂ ನಿಲ್ಲಿಸಿದರು. ಮದುಮಗ ಎದೆ ಸೆಟೆಸಿ ಹೇಳಿದ್ದು ಹೀಗೆ:

"ಕಲ್ಯಾಣ ಮಂಟಪದಾಗ ಕನ್ಯಾಮಣಿ ಕುಂತಾಳ,
ಕುರುಗೋಡಿನ ಕುಲದೀಪಿಕಾ ನನ್ನ ಮನಿ ತುಂಬ್ತಾಳ."

"ಹೆಸರೆಲ್ಲೈತ್ರೀ ಇದರಾಗ?" ಎಂದು ಹೆಂಗಸರೆಲ್ಲ ಗಲಾಟೆ ಮಾಡಿದರಂತೆ. "ಕುಲದೀಪಿಕಾ ಅಂದೆನಲ್ರಿ" ಎಂದು ಇವರು ನುಸುಳಿಕೊಂಡು ಒಳಗೆ ಹೋದರಂತೆ. "ಅವತ್ತಿಂದ ಇವತ್ತಿನ ತನಕ ನಮ್ಮಕ್ಕನ ಹೆಸರು ಈ ಮಾವಾರ ಬಾಯಾಗ ಬಂದಿಲ್ಲ ನೋಡ್ರಿ. ಪಂಡಿತ್ರಿಗೆ ಬಸಮ್ಮ ಅನ್ನೋದು ಹಳ್ಳಿ ಹೆಸರಾತು, ನಾಲಗಿಗೆ ಮೈಲಿಗಿ ಆಕ್ಕೈತಿ!" ಎಂದು ಆ ತಂಗಿ ಕೈ ತಿರುವಿದಳು. ನಾನು ಸುಮ್ಮನಿರಬೇಕೇ? "ಅಕ್ಕಾ, ನಿಮ್ಮ ಹೆಸರಿಗೂ ಸಂಸ್ಕೃತ ಹುಡುಕಿಸ್ಕೊಳ್ರಿ. ವೃಷಭಾಂಬಿಕೆ ಅಂತ ಇಟ್ಕೊಂಡ್ರ ಸರ್ ಕರೀತಾರ" ಎಂದೆ. ಎಲ್ಲರೂ ನಕ್ಕರು. ಬಸಮ್ಮಕ್ಕನೂ ನಕ್ಕರು, ನಗುತ್ತಾ ಚಹಾದ ಕಪ್ಪುಗಳನ್ನು ಎತ್ತಿಕೊಂಡು ಒಳಗೆ ಹೋದರು. ಇವರು ಪೇಪರ್ ಮುಖದ ಮುಂದೆ ಹಿಡಿದಿದ್ದರು. ಆ ನನ್ನ ಮಾತು ನೆನಪಾದರೆ ಇವತ್ತಿಗೂ ನಾಚಿಕೆಯಾಗುತ್ತದೆ.

ಮಾಸ್ತರರ ನೌಕರಿಯ ಕೊನೆಯ ವರ್ಷದ ಒಂದು ದಿನ. ಸಂಜೆಯ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ನನಗೆ ಸೀಟು ಸಿಕ್ಕಿತ್ತು, ಅವರು ಸ್ವಲ್ಪ ದೂರದಲ್ಲಿ ಕಂಬಿ ಹಿಡಿದು ನಿಂತಿದ್ದರು. ಆ ದಿನದ ಕಂಡಕ್ಟರ್ ಹೊಸಬ.

"ಎಲ್ಲಿಗ್ರಿ ಯಜಮಾನ್ರ?"

"ಜಿಲ್ಲಾ ಕೇಂದ್ರಸ್ಥಾನಕ್ಕ ಒಂದು."

"ಅಂಥ ಸ್ಟಾಪಿಲ್ರಿ. ಊರ ಹೆಸರು ಹೇಳ್ರಿ."

"ಅದರೀ, ಜಿಲ್ಲೆಯ ಕೇಂದ್ರ..."

"ಟೈಮಿಲ್ರಿ ನನಗ. ಬಸ್ ತುಂಬಿ ಹೊಂಟೈತಿ. ನೆಟ್ಟಗ ಊರ ಹೆಸರು ಹೇಳ್ರಿ."

ಸುತ್ತಲಿನವರು ನಗಲು ಶುರುಮಾಡಿದರು. ನಾನೂ ನಗುತ್ತಾ ತಿರುಗಿದೆ. ಅವರು ತುಟಿ ಬಿಗಿದಿದ್ದರು. ಕಣ್ಣು ಮುಚ್ಚಿತ್ತು. ಕತ್ತಿನ ನರ ಉಬ್ಬಿ, ಗದ್ದ ಅದುರುತ್ತಿತ್ತು. ಒಂದು ಕೈ ತೊಡೆಯನ್ನು ಮೆಲ್ಲಗೆ ಬಡಿಯುತ್ತಿತ್ತು. "ಬ್... ಬ್..." ಎಂಬುದಷ್ಟೇ ಹೊರಗೆ ಬಂತು. "ಬಾಯಾಗ ಎಲಿ ಅಡಿಕಿ ಐತೇನ್ರಿ?" ಎಂದು ಯಾರೋ ಅಂದರು. ನನಗೆ ತಡೆಯಲಿಲ್ಲ. "ಬಳ್ಳಾರಿ ಒಂದು ಕೊಡಪ್ಪಾ, ಅಷ್ಟೂ ತಿಳಿಯಂಗಿಲ್ಲೇನು!" ಎಂದು ಕೂಗಿದೆ. ಟಿಕೆಟ್ ಬಂತು. ಅವರನ್ನು ಪಾರು ಮಾಡಿದೆ ಎಂದು ನನಗೆ ಒಳಗೊಳಗೇ ಹೆಮ್ಮೆಯಾಯಿತು. ಆಮೇಲೆ ಅವರ ಮುಖ ನೋಡಿದೆ. ಅವರು ಬಳ್ಳಾರಿ ಬರುವವರೆಗೂ ಕಿಟಕಿಯ ಹೊರಗೇ ನೋಡುತ್ತಿದ್ದರು.

ಆ ಒಂದೂವರೆ ತಾಸು ನಾನು ಸೀಟಿನಲ್ಲಿ ಮುದುಡಿ ಕುಳಿತಿದ್ದೆ. ಬೆಂಚು, ಬಿಸ್ಕತ್ತು, ಬೋರ್ಡು, ಬಿಸಿಲು, ಬಜ್ಜಿ, ಬಸ್ಸು, ಬ್ರಿಟಿಷರು, ಬಂಗಾಳ, ಒಂದೊಂದಾಗಿ ತಲೆಯೊಳಗೆ ಬಂದವು. ಬರ್ರಿ ಎನ್ನಲಾಗದೆ ದಯಮಾಡಿಸ್ರಿ, ಬ್ಯಾಡ ಎನ್ನಲಾಗದೆ ಏಳು ಹೋಳಿಗೆ. ಕೊನೆಗೆ ಬಸಮ್ಮ. ಸಂಖ್ಯೆಗಳ ಸಾಲು ಬರೆದು ಮುಂದಿನದು ಯಾವುದು ಎಂದು ಮಕ್ಕಳ ಕಿವಿ ಹಿಂಡುವ ನಾನು ಒಂಬತ್ತು ವರ್ಷ ಪಕ್ಕದಲ್ಲಿ ಕೂತು ಇದನ್ನು ಕಂಡಿರಲಿಲ್ಲ. ಆ ಮನುಷ್ಯನಿಗೆ ಒಂದು ಅಕ್ಷರದಲ್ಲಿ ಉಗ್ಗು ಇತ್ತು, ಅದನ್ನು ಅವರು ನಗೆಯಲ್ಲಿ ಮುಚ್ಚಿಟ್ಟಿದ್ದರು.

ಮರುದಿನ ಬೆಳಿಗ್ಗೆ ಬಳ್ಳಾರಿಯ ಬಸ್ ಸ್ಟ್ಯಾಂಡಿನಲ್ಲಿ ನಾನು ಕ್ಷಮೆ ಕೇಳಬೇಕೆಂದು ಬಾಯಿ ತೆರೆಯುವ ಮೊದಲೇ ಅವರೇ ಹೇಳಿದರು. "ನಿನ್ನೆ ಉಪಕಾರ ಮಾಡಿದ್ರಿ ಟೀಚರ್. ಆದ್ರ ಇನ್ನೊಂದು ಸಲ ಹಂಗಾದ್ರ ತಡೀರಿ. ಎಷ್ಟೊತ್ತರ ಹಿಡೀಲಿ, ನನ್ನ ಮಾತು ನನಗಿರಲಿ." ಅವರ ಬಾಯಿಂದ ಗಣಿತಾಚಾರ್ಯರು ಎನ್ನದೆ ಟೀಚರ್ ಎಂದು ಕೇಳಿದ್ದು ಅದೇ ಮೊದಲು.

ಬಸ್ಸಿನಲ್ಲಿ ಉಳಿದದ್ದನ್ನೂ ಹೇಳಿದರು. "ರೂಪನಗುಡಿ ಸಾಲ್ಯಾಗ ಮೂರನೇತ್ತ ಇದ್ದಾಗ, ಪಾಟಿ ಮ್ಯಾಲ ತೀಡೂ ಕಡ್ಡಿ ಇರ್ತೈತಲ್ಲ, ಅದರ ಹೆಸರು ಹೇಳಾ ತನಕ ನನ್ನ ನಿಲ್ಲಿಸಿದ್ರು. ಊಟದ ಗಂಟಿ ಆತು, ಎಲ್ಲಾರೂ ಉಂಡು ತಿರುಗಿ ಕುಂತ್ರು, ನಾ ನಿಂತ ಇದ್ದೆ. ಇಡೀ ವರ್ಗ ನಕ್ಕಿತು. ಮುಂದ ಹೈಸ್ಕೂಲಿನ್ಯಾಗ ಕಪಾಟಿನ ತಳಕ ಒಂದು ನಿಘಂಟು ಸಿಕ್ಕಿತು. ಮುಂದಿನ ದಾರಿ ಮುಚ್ಚಿದ್ರ ಹಿತ್ತಲ ದಾರಿ ಇರ್ತೈತಿ ಅಂತ ಅದರಾಗ ಕಂಡಿತು. ಮಂದಿ ನಗೂದು ತಪ್ಪಲಿಲ್ಲ. ಆದ್ರ ಈಗ ನನ್ನ ನೋಡಿ ನಗಂಗಿಲ್ಲ, ಶಬ್ದ ನೋಡಿ ನಗ್ತಾರ."

"ಮತ್ತ ಛತ್ರಿ ಯಾಕ್ರಿ ಆತಪತ್ರ ಆತು? ಅದನ್ನ ಹೇಳಾಕ ನಿಮಗ ತ್ರಾಸಿಲ್ಲಲ್ಲ?"

ಆಗ ನಕ್ಕರು. "ಅವೆಲ್ಲಾ ಕಾವಲಿಗ್ರಿ. ಒಂದ ಅಕ್ಷರಕ್ಕ ವೇಷ ಹಾಕಿದ್ರ ಕಳ್ಳ ಸಿಕ್ಕೊಳ್ತಾನ. ಆಮ್ಯಾಲ ರುಚಿನೂ ಹತ್ತಿತು ಅನ್ರಿ. ಸುಳ್ಳ ಯಾಕ ಹೇಳ್ಲಿ."

ಆಮೇಲೆ ತೊಡೆಯ ಮೇಲಿನ ಟಿಫಿನ್ ಡಬ್ಬಿಯನ್ನು ನೋಡುತ್ತಾ ಹೇಳಿದರು. "ಒಂದು ಹೆಸರಿಗೆ ಮಾತ್ರ ಹಿತ್ತಲ ದಾರಿ ಹಿಡೀಬಾರದಿತ್ತು. ಮದುವಿ ಆದ ಮೂರನೇ ದಿನಕ್ಕ ಅಕಿಗೆ ಗೊತ್ತಾತು. ಯಾರಿಗೂ ಹೇಳಲಿಲ್ಲ. ತವರುಮನಿಯವ್ರು ಅಷ್ಟು ಚುಚ್ಚಿದ್ರೂ, ನನ್ನ ಗಂಡಗ ಜಂಬ ಅಂತ ತಿಳಕೊಳ್ಳಲಿ, ಉಗ್ಗು ಅಂತ ತಿಳಿಯೂದು ಬ್... ಬ್..." ಎಂದು ಬ್ಯಾಡ ಎಂಬಲ್ಲಿ ಮಾತು ಕಟ್ಟಿಕೊಂಡಿತು. ನನ್ನ ನಾಲಗೆಯ ತುದಿಗೇ ಬಂದಿತ್ತು. ಹಲ್ಲು ಕಚ್ಚಿ ಕೂತೆ. ಬಸ್ಸು ಒಂದು ಸ್ಟಾಪು ದಾಟಿತು. ಕೊನೆಗೆ ಆ ಒಂದು ಮಾತು ಅವರಿಗೆ ಸಿಕ್ಕಿತು. ಇಬ್ಬರೂ ಉಸಿರು ಬಿಟ್ಟೆವು.

ನಿವೃತ್ತಿಯ ಸಮಾರಂಭದಲ್ಲಿ ಅವರ ಭಾಷಣಕ್ಕೆ ಮಕ್ಕಳು ಬಿದ್ದು ಬಿದ್ದು ನಕ್ಕರು. ಷಟ್ಚಕ್ರ ಶಕಟ, ಕೃಷ್ಣಫಲಕ, ಘಂಟಾನಾದ ಎಲ್ಲಕ್ಕೂ ಒಂದೊಂದು ವಿದಾಯ ಹೇಳಿದರು. ಅದಾಗಿ ಹದಿನೈದು ದಿನಕ್ಕೆ ಕುರುಗೋಡಿನಲ್ಲಿ ಕಟ್ಟಿಸಿದ್ದ ಹೊಸ ಮನೆಯ ಗೃಹಪ್ರವೇಶ. ನಾನು ಬೆಳಿಗ್ಗೆಯೇ ಹೋದೆ. ಗುಡ್ಡದ ಕೆಳಗೆ ಸಣ್ಣ ಮನೆ, ಸುಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ.

ಪೂಜೆಗೆ ಮುಂಚೆ ಇಬ್ಬರೂ ಹೊಸ್ತಿಲಿಗೆ ಬಂದರು. ಬಸಮ್ಮಕ್ಕನ ಕೈಯಲ್ಲಿ ಕಳಶ, ಹಸಿರು ಇಳಕಲ್ ಸೀರೆ. ತಂಗಿ ಬಾಗಿಲಿನ ಎರಡೂ ಕಡೆ ಕೈ ಚಾಚಿ ಅಡ್ಡ ನಿಂತೇಬಿಟ್ಟಳು. ಅವಳ ಹಿಂದೆ ಕುರುಗೋಡಿನ ಅರ್ಧ ಓಣಿ. "ಹೆಸರು ಹೇಳ್ರಿ ಮಾವಾರ. ಈ ಸರ್ತಿ ಕುಲದೀಪಿಕಾ ಗಿಲದೀಪಿಕಾ ನಡಿಯಂಗಿಲ್ಲ. ಮೂವತ್ತು ವರ್ಷದ ಬಾಕಿ ಐತಿ!"

ಬಸಮ್ಮಕ್ಕ, "ಸರಿ ಅತ್ಲಾಗ, ದಾರಿ ಬಿಡು. ಪೂಜಿ ಹೊತ್ತಾಗ್ತೈತಿ. ಅವರ ಬದ್ಲಿ ನಾನ ಎರಡು ಒಡಪು ಹೇಳ್ತೀನಿ" ಎಂದರು. ಗಂಡನನ್ನು ಕಾಯಲು ಎಷ್ಟು ವರ್ಷದಿಂದ ಹೀಗೆ ಅಡ್ಡ ನಿಂತಿದ್ದರೋ. ಮಾಸ್ತರರು ಹೆಂಡತಿಯ ತೋಳನ್ನು ಮೆಲ್ಲಗೆ ಮುಟ್ಟಿ ಹಿಂದೆ ಸರಿಸಿ, ಗಂಟಲು ಸರಿಮಾಡಿಕೊಂಡರು. ಜನ ನಗಲು ತಯಾರಾಗಿ ನಿಂತರು. ದೊಡ್ಡ ಮಾತು ಒಂದೂ ಬರಲಿಲ್ಲ.

"ಸಿರುಗುಪ್ಪದ ಗದ್ದ್ಯಾಗ ನೆಲ್ಲು ಘಮ್ಮ ಘಮ್ಮ,
ಕುರುಗೋಡಿನ ಈ ಮನಿಗೆ ಒಡತಿ ನಮ್ಮ..."

ಅಲ್ಲಿ ನಿಂತಿತು. ಪ್ರಾಸವಂತೂ ಎಲ್ಲರ ಬಾಯಿಗೂ ಬಂದು ಕೂತಿದೆ. ಅವರ ಕಣ್ಣು ಮುಚ್ಚಿತು. ಬಸ್ಸಿನಲ್ಲಿ ಕಂಡ ಅದೇ ನರ, ಅದೇ ಗದ್ದ. "ಬ್... ಬ್..." ಜನರ ನಗು ಸಣ್ಣಗಾಯಿತು, ಆಮೇಲೆ ನಿಂತಿತು. ತಂಗಿಯ ಕೈಗಳು ಬಾಗಿಲಿಂದ ಇಳಿದವು. ಅವಳಿಗೆ ಅರ್ಥವಾಗಿತ್ತು, ಆ ಓಣಿಗೇ ಅರ್ಥವಾಗಿತ್ತು. ಕನಿಕರದಿಂದ ಯಾರೋ ಮುದುಕಿ, "ಬಸ—" ಎಂದು ಶುರುಮಾಡಿದಳು.

"ತಡೀರಿ!" ಎಂದೆ. ನನ್ನ ದನಿ ನನಗೇ ಜೋರಾಗಿ ಕೇಳಿಸಿತು. "ಯಾರೂ ಹೇಳಬ್ಯಾಡ್ರಿ. ಮಾತು ದಾರ್ಯಾಗೈತಿ."

ಎಲ್ಲರೂ ಕಾದರು. ಬಸಮ್ಮಕ್ಕ ಕಳಶ ಹಿಡಿದು ಅವರ ತುಟಿಯನ್ನೇ ನೋಡುತ್ತಾ ನಿಂತಿದ್ದರು, ಕಳಶದ ನೀರು ಕೈಮೇಲೆ ತುಳುಕುತ್ತಿತ್ತು. ಎಷ್ಟು ಹೊತ್ತಾಯಿತೋ, ಲೆಕ್ಕದವಳಾದರೂ ನಾನು ಎಣಿಸಲಿಲ್ಲ.

"ಬ್... ಬ್... ಬಸಮ್ಮ" ಎಂದರು. ಕಣ್ಣು ತೆರೆದು, ಹೆಂಡತಿಯ ಕಡೆ ತಿರುಗಿ ಇನ್ನೊಮ್ಮೆ ಹೇಳಿದರು. ಎರಡನೆಯ ಸಲವೂ ಅಷ್ಟೇ ಹೊತ್ತು ಹಿಡಿಯಿತು. ತಂಗಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಪಕ್ಕಕ್ಕೆ ಸರಿದಳು. ನಾನು ಅತ್ತೆ, ಮುಚ್ಚಿಡುವುದೇನಿದೆ.

ಅದಾದ ಮೇಲೆ ಅವರು ಬದುಕಿದ್ದು ಒಂದೂವರೆ ವರ್ಷ. ಮಣ್ಣಿನ ದಿನ ಜನರ ಗದ್ದಲದಲ್ಲಿ ಬಸಮ್ಮಕ್ಕನ ಹತ್ತಿರ ಕೂರಲು ಆಗಿರಲಿಲ್ಲ. ಹೋದ ಶನಿವಾರ ಕಂಡಕ್ಟರ್ ಕೇಳಿದ ಮೇಲೆ ಮನಸ್ಸು ತಡೆಯದೆ ಮರುದಿನ ಕುರುಗೋಡಿಗೆ ಹೋದೆ. ಬಸಮ್ಮಕ್ಕ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದರು. ತಂಗಿ ಈಗ ಜೊತೆಗೇ ಇದ್ದಾಳೆ. ಒಳಗಿನಿಂದ ಅವಳು, ಪಕ್ಕದ ಮನೆಯವರು, ಹಾಲಿನವನು, ಎಲ್ಲರೂ ಬಸಮ್ಮಾ, ಬಸಮ್ಮಕ್ಕಾ ಎಂದು ಕರೆಯುತ್ತಿದ್ದರು.

"ಆಮ್ಯಾಲ ದಿನಾ ಹೆಸರ ಹಿಡದ ಕರೀತಿದ್ರು ಟೀಚರ. ನೀರು ಬೇಕಂದ್ರೂ ಅದ, ಕನ್ನಡಕ ಕಾಣಲಿಲ್ಲಂದ್ರೂ ಅದ. ಅರ್ಧ ನಿಮಿಷ ಹಿಡೀತಿತ್ತು. ನಾನು ಅಡಗಿ ಮನ್ಯಾಗಿದ್ರ ಕೈಯಾಗಿನ ಕೆಲಸ ಬಿಟ್ಟು ನಿಂತಿರ್ತಿದ್ದೆ. ಪೂರ್ತಿ ಆಗಾ ತನಕ ಓ ಅಂತಿರಲಿಲ್ಲ."

ಮೊರದಲ್ಲಿ ಕೈಯಾಡಿಸಿ ಒಂದು ಕಲ್ಲು ಆರಿಸಿ ಎಸೆದರು. "ಈಗ ನೋಡ್ರಿ, ಎಲ್ಲಾರೂ..." ಎಂದು ಶುರುಮಾಡಿ ನಿಲ್ಲಿಸಿದರು. ಮುಂದೆ ಏನೆಂದು ನನಗೆ ಗೊತ್ತು ಅನಿಸಿತು. ಮಾತು ಬಾಯಿಯವರೆಗೂ ಬಂತು. ನಾನು ಕಾದೆ.

"ಎಲ್ಲಾರೂ ಥಟ್ಟನ ಕರೀತಾರ್ರಿ" ಎಂದರು. "ಅಷ್ಟು ಜಲ್ದಿ ಕರೆದ್ರ, ನನ್ನ ಕರೆದಂಗ ಅನಿಸೂದಿಲ್ಲ."